ತೊಗಲು ಯಾರದು, ಹೆಸರು ಯಾರದು?



ಹೋದ ಧನುರ್ಮಾಸದಲ್ಲಿ ನಾವು ಐದು ಜನ ಚೆನ್ನೈಗೆ ಹೋಗಿದ್ದೆವು. ಸಂಗೀತ ಕೇಳೋದಕ್ಕಲ್ಲ. ನಮ್ಮಲ್ಲಿಬ್ಬರಿಗೆ ರೈಲ್ವೆ ಪರೀಕ್ಷೆಯ ಸೆಂಟರು ಅಲ್ಲಿ ಬಿದ್ದಿತ್ತು. ಮಿಕ್ಕ ಮೂವರು ಸಮುದ್ರ ನೋಡೋ ಆಸೆಗೆ ಜೊತೆಗೆ ಹೊರಟೆವು. ಜನರಲ್ ಬೋಗಿ, ಬಾಗಿಲ ಹತ್ತಿರ ನಿದ್ದೆ. ಪರೀಕ್ಷೆ ಮುಗಿದ ಮಾರನೇ ದಿನ ಸುಮ್ಮನೆ ಮೈಲಾಪುರದ ಕಡೆ ನಡೆದೆವು. ಎಲ್ಲಿ ನೋಡಿದ್ರೂ ಕಚೇರಿಗಳ ಬ್ಯಾನರು, ರೇಷ್ಮೆ ಸೀರೆ, ಜರಿ ಪಂಚೆ, ಕ್ಯಾಂಟೀನಿನ ಮುಂದೆ ಸಾಲು. ಬೆಳಗಿನ ಕಚೇರಿಗೆ ಟಿಕೀಟು ಇಲ್ಲ ಅಂತ ತಿಳಿದು ಒಂದು ಸಭಾದ ಒಳಗೆ ಹೋಗಿ ಕೊನೇ ಸಾಲಲ್ಲಿ ಕೂತೆವು. ಯಾರೂ ತಡೀಲಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀವಿ. ತಡೆದರು ಅಂತ ಬರೆಯೋ ಹಾಗಿದ್ದಿದ್ರೆ ಈ ಲೇಖನ ನಮಗೆ ಸುಲಭವಾಗ್ತಿತ್ತು.

ಹಾಡು ನಮಗೆ ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ಆದ್ರೆ ಹಾಡು ನಿಂತು ಮೃದಂಗ ಒಂದೇ ನುಡಿಯೋಕೆ ಶುರುವಾಯ್ತಲ್ಲ, ಆಗ ನಮ್ಮಲ್ಲೊಬ್ಬ ನೆಟ್ಟಗೆ ಕೂತುಬಿಟ್ಟ. ಅವನಪ್ಪ ಊರಲ್ಲಿ ತಮಟೆ ಬಾರಿಸೋರು. ಮಾರಿ ಹಬ್ಬಕ್ಕೆ, ಮದುವೆಗೆ, ಹೆಣದ ಮುಂದೆ. ಹಾಸ್ಟೆಲಿಗೆ ಸೇರುವಾಗ ಅರ್ಜೀಲಿ ತಂದೆಯ ಕೆಲಸ ಅನ್ನೋ ಕಡೆ ಇವನು ‘ಕೂಲಿ’ ಅಂತ ಬರೆದಿದ್ದ, ‘ತಮಟೆ’ ಅಂತ ಬರೆದಿರಲಿಲ್ಲ. ನಾವು ಯಾರು ಬರೆದಿದ್ದೀವಿ ಹೇಳಿ. ಅವನು ತೊಡೆಯ ಮೇಲೆ ಬೆರಳು ಆಡಿಸ್ತಾ ಪಕ್ಕದಲ್ಲಿದ್ದ ಹಿರಿಯರನ್ನ ಕೇಳಿದ: ಸಾರ್, ಇದಕ್ಕೆ ಯಾವ ತೊಗಲು ಹಾಕ್ತಾರೆ? ಅವರು ಒಳ್ಳೇ ಮನುಷ್ಯರು. ತಾಳ ಯಾವುದು, ಎಡಗಡೆ ಮುಖಕ್ಕೆ ರವೆ ಕಲಸಿ ಯಾಕೆ ಹಚ್ಚುತಾರೆ ಅಂತೆಲ್ಲ ಅರ್ಧ ಇಂಗ್ಲಿಷು ಅರ್ಧ ತಮಿಳಲ್ಲಿ ಹೇಳಿದ್ದರು. ತೊಗಲಿನ ಪ್ರಶ್ನೆಗೆ ಮಾತ್ರ ಕೇಳಿಸದವರ ಹಾಗೆ ವೇದಿಕೆ ಕಡೆ ನೋಡಿದರು.

ಅವರು ಹೇಳದ್ದನ್ನ ನಾವು ಹೇಳ್ತೀವಿ. ಮೃದಂಗದ ಒಡಲು ಹಲಸಿನ ಮರ. ಅದರ ಎರಡು ಮುಖಕ್ಕೆ ಬೇಕಾದ್ದು ಹಸುವಿನ ತೊಗಲು, ಮೇಕೆ ತೊಗಲು, ಎಮ್ಮೆ ತೊಗಲು. ಎರಡೂ ಮುಖಗಳನ್ನ ಎಳೆದು ಬಿಗಿಯೋ ಬಾರು ಎಮ್ಮೆ ಚರ್ಮದ್ದು. ಬಲಮುಖದ ನಡುವೆ ಕಾಣೋ ಕರೀ ವೃತ್ತ ಇದೆಯಲ್ಲ, ಅದು ಕಪ್ಪು ಕಲ್ಲಿನ ಪುಡಿ ಮತ್ತು ಅನ್ನ. ಒಂದರ ಮೇಲೊಂದು ಪದರ ಹಾಕಿ, ಉಜ್ಜಿ ಉಜ್ಜಿ ಕೂರಿಸಬೇಕು. ಆ ನಾದ ಅಂತಾರಲ್ಲ, ಅದು ಹುಟ್ಟೋದು ಅಲ್ಲಿ. ಹಸಿ ತೊಗಲು ಆರಿಸಿ, ಕೂದಲು ತೆಗೆದು, ಹೆರೆದು, ಒಣಗಿಸಿ, ಕಿವಿಗಿಟ್ಟು ಕೇಳಿ ಕೇಳಿ ಸ್ವರಕ್ಕೆ ತರೋರು ಯಾರು? ತಮಿಳುನಾಡಿನಲ್ಲಿ ಈ ಕೆಲಸ ಮಾಡುವ ಮನೆತನಗಳಲ್ಲಿ ಹೆಚ್ಚಿನವು ದಲಿತ ಕ್ರೈಸ್ತರವು. ಪಾಲ್ಘಾಟ್ ಮಣಿ ಅಯ್ಯರ್ ಅಂದರೆ ಮೃದಂಗದ ದೊಡ್ಡ ಹೆಸರು. 1912ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡರು. ಅವರ ಹೆಸರು ಸಂಗೀತ ಬಲ್ಲ ಮನೆಮನೆಗೂ ಗೊತ್ತು. ಅವರ ಮೃದಂಗ ಮಾಡಿಕೊಡ್ತಿದ್ದ ಪರ್ಲಾಂದು ಅನ್ನುವವರ ಹೆಸರು? ಕೈ ಮಣಿ ಅಯ್ಯರದು, ನಿಜ. ಆದರೆ ಆ ಕೈ ಬಿದ್ದದ್ದು ಇನ್ನೊಂದು ಕೈ ಮಾಡಿದ ತೊಗಲಿನ ಮೇಲೆ. ಸ್ವರ ಎಲ್ಲಿ ಕೂತಿದೆ ಅಂತ ಕಿವಿಯಲ್ಲಿ ತೂಗಿ ನೋಡುವವನು ಸಂಗೀತಗಾರ ಅಲ್ಲ, ಕೂಲಿ. ಅದನ್ನ ನುಡಿಸುವವನು ವಿದ್ವಾನ್. ಈ ಲೆಕ್ಕ ಯಾರು ಬರೆದದ್ದು ಸ್ವಾಮಿ?

ಈ ಮನೆತನಗಳ ಕಥೆಯನ್ನ ಗಾಯಕ ಟಿ.ಎಂ. ಕೃಷ್ಣ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಅಂತ ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದರು, 2020ರಲ್ಲಿ. ಅದರ ಬಿಡುಗಡೆಗೆ ಕಲಾಕ್ಷೇತ್ರ ತನ್ನ ಸಭಾಂಗಣ ಕೊಡ್ತೀನಿ ಅಂದು, ಆಮೇಲೆ ಅನುಮತಿ ವಾಪಸ್ ತಗೊಂಡಿತು. ಹಸುವಿನ ತೊಗಲು ವೇದಿಕೆ ಮೇಲೆ ನುಡಿಯಬಹುದು. ಹಸುವಿನ ತೊಗಲು ಅನ್ನೋ ಮಾತು ವೇದಿಕೆ ಮೇಲೆ ಆಡಬಾರದು. ಪುಸ್ತಕ ಕೊನೆಗೆ ಬೇರೆ ಕಡೆ ಬಿಡುಗಡೆಯಾಯ್ತು. ಬರೆದವರು ಬ್ರಾಹ್ಮಣರು, ತಮ್ಮ ಜಾತಿಯ ಮುಖಕ್ಕೇ ಕನ್ನಡಿ ಹಿಡಿದವರು. 2015ರಲ್ಲಿ ಡಿಸೆಂಬರ್ ಸೀಸನ್ನಿನಲ್ಲಿ ಹಾಡೋದಿಲ್ಲ ಅಂತ ಹೊರಬಂದವರು. 2016ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದ ವರ್ಷವೇ ನಮ್ಮ ಕೆ.ಜಿ.ಎಫ್.ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರಿಗೂ ಬಂತು, ಮಲ ಹೊರುವ ಪದ್ಧತಿ ವಿರುದ್ಧ ಹೋರಾಡಿದ್ದಕ್ಕೆ. ಕೃಷ್ಣ ಅವರ ಬಗ್ಗೆ ನಮಗೆ ಗೌರವ ಇದೆ. ಆದ್ರೂ ಒಂದು ಮಾತು ಗಂಟಲಲ್ಲಿ ಉಳಿಯುತ್ತೆ: ಆ ಮನೆಗಳ ಹುಡುಗರೇ ಆ ಪುಸ್ತಕ ಬರೆಯೋ ಕಾಲ ಯಾವಾಗ? 2024ರಲ್ಲಿ ಮ್ಯೂಸಿಕ್ ಅಕಾಡೆಮಿ ಕೃಷ್ಣ ಅವರಿಗೆ ಸಂಗೀತ ಕಲಾನಿಧಿ ಅಂತ ಘೋಷಿಸಿದಾಗ ಕೆಲವು ವಿದ್ವಾಂಸರು ನಾವು ಅಲ್ಲಿ ಹಾಡೋದಿಲ್ಲ ಅಂತ ಕೂತರು. ಒಬ್ಬ ಬ್ರಾಹ್ಮಣ ಮಾತಾಡಿದ್ದಕ್ಕೇ ಇಷ್ಟು. ಪರ್ಲಾಂದು ಮಾತಾಡಿದ್ದಿದ್ರೆ?

ಈ ಅಕಾಡೆಮಿ ಹುಟ್ಟಿದ ಹೊತ್ತನ್ನ ನೋಡಿ. 1927ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೀತು. ಅದರ ಜೊತೆಗೆ ಅಖಿಲ ಭಾರತ ಸಂಗೀತ ಸಮ್ಮೇಳನ. ಅದರಿಂದ 1928ರಲ್ಲಿ ಮ್ಯೂಸಿಕ್ ಅಕಾಡೆಮಿ. ಅದೇ 1927ರ ಡಿಸೆಂಬರಿನಲ್ಲಿ, 25ನೇ ತಾರೀಖು, ಬಾಬಾಸಾಹೇಬರು ಮಹಾಡಿನಲ್ಲಿ ಮನುಸ್ಮೃತಿಗೆ ಬೆಂಕಿ ಇಟ್ಟರು. ಒಂದು ಕಡೆ ಸಂಗೀತಕ್ಕೆ ಶಾಸ್ತ್ರದ ಬೇಲಿ ಕಟ್ಟುವ ಮಾತು, ಇನ್ನೊಂದು ಕಡೆ ಶಾಸ್ತ್ರವನ್ನೇ ಸುಡುವ ಕೆಲಸ. ಒಂದೇ ತಿಂಗಳು. ನಮ್ಮ ಪಠ್ಯಪುಸ್ತಕದಲ್ಲಿ ಈ ಎರಡೂ ಒಂದೇ ಪುಟಕ್ಕೆ ಬರೋದಿಲ್ಲ.

ಬೇಲಿ ಕಟ್ಟಿದ್ದು ನಮ್ಮೊಬ್ಬರಿಗೇ ಅಲ್ಲ. ಆ ಸಂಗೀತವನ್ನ, ಆ ಕುಣಿತವನ್ನ ತಲೆತಲಾಂತರದಿಂದ ಉಳಿಸಿಕೊಂಡು ಬಂದ ದೇವದಾಸಿ ಮನೆತನದ ಹೆಂಗಸರಿಗೂ ಕಟ್ಟಿದರು. ಅವರ ಸದಿರ್ ಕುಣಿತ ಕೆಟ್ಟದ್ದು ಅಂದರು. ಅದೇ ಕುಣಿತ ಮೇಲ್ಜಾತಿ ಹುಡುಗಿಯರ ಕಾಲಿಗೆ ಬಂದಾಗ ಭರತನಾಟ್ಯ ಅಂದರು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ನಾಗರತ್ನಮ್ಮ, ಬೆಂಗಳೂರು ನಾಗರತ್ನಮ್ಮ ಅಂತ ಹೆಸರಾದವರು, ಮದರಾಸಿಗೆ ಹೋಗಿ ದೊಡ್ಡ ಗಾಯಕಿಯಾದರು. ಮುದ್ದುಪಳನಿ ಅನ್ನೋ ಕವಯಿತ್ರಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನ 1910ರಲ್ಲಿ ಅಚ್ಚು ಹಾಕಿಸಿದರು. ಅಶ್ಲೀಲ ಅಂತ ಗಂಡಸರು ಬೊಬ್ಬೆ ಹಾಕಿದರು, ಬ್ರಿಟಿಷ್ ಸರ್ಕಾರ ನಿಷೇಧ ಹಾಕಿತು. 1947ರವರೆಗೆ ಕಾಯಬೇಕಾಯ್ತು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದು ಇದೇ ಹೆಂಗಸು, ತಾವು ದುಡಿದ ದುಡ್ಡಿನಲ್ಲಿ. ಆ ಸಮಾಧಿಯ ಮುಂದೆ ಹೆಂಗಸರು ಹಾಡೋ ಹಾಗಿಲ್ಲ ಅಂದದ್ದು ಗಂಡಸರು. ಆಕೆ ಹೆಂಗಸರದೇ ಬೇರೆ ಆರಾಧನೆ ನಡೆಸಿದರು. ಹೀಗೆ ಮಾಡಬೇಕು ಕಣ್ರಪ್ಪ.

ಸಭಾದಿಂದ ಈಚೆ ಬಂದು ಬಸ್ಸು ಹತ್ತಿದೆವು. ಉತ್ತರಕ್ಕೆ, ವ್ಯಾಸರಪಾಡಿಯ ಕಡೆ. ಪರೀಕ್ಷೆ ಸೆಂಟರಿನಲ್ಲಿ ಸಿಕ್ಕಿದ್ದ ಒಬ್ಬ ತಮಿಳು ಹುಡುಗ ಬನ್ನಿ ಅಂದಿದ್ದ. ಊರು ಅದೇ, ಆದ್ರೆ ಬೇರೆ ದೇಶ. ಹಳೇ ಗಿರಣಿಗಳ ನೆಲ, ಬಂದರು, ರೈಲ್ವೆ ಯಾರ್ಡು, ಮೀನು, ಚರಂಡಿ. ಬೀದಿ ಮೂಲೆಯಲ್ಲಿ ಅಂಬೇಡ್ಕರ್ ಚಿತ್ರ. ಯುನೆಸ್ಕೋ 2017ರಲ್ಲಿ ಚೆನ್ನೈಗೆ ಸಂಗೀತ ನಗರ ಅಂತ ಬಿರುದು ಕೊಟ್ಟಿತಲ್ಲ, ಆ ಬಿರುದಿನ ಬ್ಯಾನರು ಈ ಕಡೆ ನಮ್ಮ ಕಣ್ಣಿಗೆ ಬೀಳಲಿಲ್ಲ. ಸಂಗೀತ ಮಾತ್ರ ಕಿವಿಗೆ ಬಿತ್ತು. ಒಂದು ಮನೆಯ ಮುಂದೆ ಶಾಮಿಯಾನ, ಒಳಗೆ ಹೆಣ, ಹೊರಗೆ ಗಾನಾ.

ಗಾನಾ ಅಂದರೆ ಉತ್ತರ ಚೆನ್ನೈನ ಹಾಡು. ಸತ್ತವರ ಮನೆ ಮುಂದೆ ರಾತ್ರಿಯೆಲ್ಲ ಕೂತು ಹಾಡೋದು. ಸತ್ತವನು ಯಾರು, ಏನು ಕುಡೀತಿದ್ದ, ಯಾರಿಗೆ ಸಾಲ ಕೊಡಬೇಕಿತ್ತು, ಎಂಥಾ ನಗೆಗಾರ, ಎಲ್ಲಾ ಅದರೊಳಗೆ. ಡೋಲಕ್ ಇದ್ರೆ ಡೋಲಕ್, ಇಲ್ಲದಿದ್ರೆ ಅಲ್ಯುಮಿನಿಯಂ ಪಾತ್ರೆ, ಬೆಂಕಿಪೊಟ್ಟಣ, ಮೇಜಿನ ಹಲಗೆ. ಭಾಷೆ ತಮಿಳು ಅಂತಾರೆ, ಅದರಲ್ಲಿ ತೆಲುಗು, ಉರ್ದು, ಇಂಗ್ಲಿಷು ಎಲ್ಲಾ ಕಲಸಿಹೋಗಿದೆ, ಕೂಲಿ ಲೈನಿನ ಮಾತಿನ ಹಾಗೆ. ನಮ್ಮೂರ ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳ್ತಾರಲ್ಲ, ಅದು ನೆನಪಾಯ್ತು. ನಮಗೆ ಮುಕ್ಕಾಲು ಪಾಲು ಮಾತು ಅರ್ಥವಾಗಲಿಲ್ಲ. ಬೆಳಿಗ್ಗೆ ಸಭಾದಲ್ಲೂ ಅರ್ಥವಾಗಿರಲಿಲ್ಲ. ಆದ್ರೆ ಅಲ್ಲಿ ಅರ್ಥವಾಗಲಿಲ್ಲ ಅಂತ ನಾಚಿಕೆಯಾಗಿತ್ತು, ಇಲ್ಲಿ ಆಗಲಿಲ್ಲ. ಈ ನಾಚಿಕೆ ಎಲ್ಲಿಂದ ಬಂತು ಅಂತ ರೈಲಿನಲ್ಲಿ ಬರುವಾಗ ಬಹಳ ಹೊತ್ತು ಜಗಳ ಆಡಿದೆವು.

ಗಾನಾವನ್ನ ಸಿನಿಮಾದವರು ಬಹಳ ದಿನದಿಂದ ತಿಂದುಕೊಂಡು ಬಂದಿದ್ದಾರೆ. ಕುಡುಕನ ಹಾಡು, ರೌಡಿಯ ಹಾಡು ಬೇಕಾದಾಗ ಗಾನಾ ಬೇಕು. ಸಂಗೀತ ನಿರ್ದೇಶಕ ದೇವಾ ಅದನ್ನ ತೆರೆಗೆ ತಂದು ಜನಕ್ಕೆ ಮುಟ್ಟಿಸಿದರು, ಅದು ದೊಡ್ಡದೇ. ಗಾನಾ ಬಾಲಾ ಅನ್ನುವವರು ವಕೀಲಿಕೆ ಓದಿದವರು. 2012ರ ‘ಅಟ್ಟಕತ್ತಿ’ ಚಿತ್ರದಲ್ಲಿ ಹಾಡಿ ಊರೂರಿಗೆ ಗೊತ್ತಾದರು. ಆ ಚಿತ್ರದ ನಿರ್ದೇಶಕ ಪಾ. ರಂಜಿತ್ ಮುಂದೆ ಗಾನಾದವರನ್ನ, ರಾಕ್‌ನವರನ್ನ, ರ‍್ಯಾಪ್‌ನವರನ್ನ ಒಟ್ಟುಗೂಡಿಸಿ ‘ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ಅಂತ ತಂಡ ಕಟ್ಟಲು ಮುಂದಾದರು. 2018ರ ಜನವರಿಯಲ್ಲಿ ಮೊದಲ ಕಚೇರಿ. ಹೆಸರು ಬಂದದ್ದು ಅಯೋತಿ ದಾಸ ಪಂಡಿತರ ‘ಜಾತಿಯಿಲ್ಲದ ತಮಿಳರು’ ಅನ್ನೋ ಮಾತಿನಿಂದ. 2020ರ ಡಿಸೆಂಬರಿನಿಂದ ‘ಮಾರ್ಗಳಿಯಲ್ಲಿ ಮಕ್ಕಳಿಸೈ’ ಅಂತ ಹಬ್ಬವನ್ನೂ ಶುರು ಮಾಡಿದರು. ತಮಿಳಿನಲ್ಲಿ ಮಕ್ಕಳ್ ಅಂದರೆ ಜನ. ಧನುರ್ಮಾಸ ಬರೀ ಮೈಲಾಪುರದ್ದಲ್ಲ, ನಮ್ಮದೂ ಹೌದು ಅಂತ. ಗೇಟಿನ ಮುಂದೆ ನಿಂತು ಬಾಗಿಲು ತೆಗೀರಿ ಅಂತ ಬೇಡಲಿಲ್ಲ. ತಿಂಗಳನ್ನೇ ಕಿತ್ತುಕೊಂಡರು.

ಹಾಗಂತ ಗಾನಾವನ್ನ ನಾವು ಹೆಗಲ ಮೇಲೆ ಹೊತ್ತು ಮೆರೆಸೋದಿಲ್ಲ. ಅದರಲ್ಲೂ ಕೊಳಕಿದೆ. ಪ್ರೀತಿ ಮುರಿದ ಹುಡುಗಿಯನ್ನ ಬೈಯೋ ಹಾಡುಗಳು ಎಷ್ಟು ಬೇಕು? ಗಂಡಸರದೇ ರಾಜ್ಯ. ಇಸೈವಾಣಿ ಅನ್ನೋ ಹುಡುಗಿ ಆ ಗಂಡಸರ ನಡುವೆ ಹಾಡಿ ನಿಂತಳು; ಬಿಬಿಸಿ 2020ರಲ್ಲಿ ನೂರು ಹೆಂಗಸರ ಪಟ್ಟಿಯಲ್ಲಿ ಅವಳನ್ನ ಸೇರಿಸಿತು. ಹೆಂಗಸರು ಶಬರಿಮಲೆಗೆ ಯಾಕೆ ಹೋಗಬಾರದು ಅಂತ 2018ರಲ್ಲಿ ಹಾಡಿದ ಹಾಡಿಗೆ ಆರು ವರ್ಷ ಕಳೆದ ಮೇಲೆ, 2024ರಲ್ಲಿ, ದೂರು, ಬೆದರಿಕೆ. ನಾಗರತ್ನಮ್ಮನವರಿಗೆ ಅಶ್ಲೀಲ, ಇಸೈವಾಣಿಗೆ ಧರ್ಮನಿಂದೆ. ಕಾಯಿಲೆ ಅದೇ.

ಇನ್ನು ಅರಿವು. ಕ್ಯಾಸ್ಟ್‌ಲೆಸ್ ಕಲೆಕ್ಟಿವ್‌ನ ಹುಡುಗ. 2021ರಲ್ಲಿ ಬಂದ ‘ಎಂಜಾಯ್ ಎಂಜಾಮಿ’ ಹಾಡು ನಮ್ಮ ಹಾಸ್ಟೆಲಿನ ಒಂದೊಂದು ರೂಮಿನಲ್ಲೂ ಕೂಗಿತ್ತು, ನೆನಪಿದೆ ತಾನೆ? ಸಿಂಹಳದ ತೋಟಗಳಲ್ಲಿ ದುಡಿದು ಬರಿಗೈಯಲ್ಲಿ ವಾಪಸ್ ಬಂದ ಅಜ್ಜಿಯರ, ಭೂಮಿ ಇಲ್ಲದವರ ಕಥೆ ಅದು. ಆ ಹಾಡು ಬರೆದು ಹಾಡಿದವನು ಅರಿವು. ಅದೇ ವರ್ಷ ಒಂದು ದೊಡ್ಡ ಸಂಗೀತ ಪತ್ರಿಕೆ ಆ ಹಾಡಿನ ನೆಪದಲ್ಲಿ ಮುಖಪುಟ ಮಾಡಿದಾಗ ಅವನ ಮುಖ ಅಲ್ಲಿರಲಿಲ್ಲ. ರಂಜಿತ್ ಕೇಳಿದ ಮೇಲೆ ಗಲಾಟೆಯಾಯ್ತು. 2022ರಲ್ಲಿ ಚೆನ್ನೈ ಕಡೆಯೇ ನಡೆದ ಚೆಸ್ ಒಲಿಂಪಿಯಾಡಿನ ಉದ್ಘಾಟನೆಯಲ್ಲಿ ಅದೇ ಹಾಡು ನುಡೀತು, ಅರಿವು ವೇದಿಕೆ ಮೇಲಿರಲಿಲ್ಲ. ಹಾಡು ಯಾರದು ಅನ್ನೋದರಲ್ಲಿ ಮೂವರ ಪಾಲಿದೆ, ನಾನು ಜಾಸ್ತಿ ನೀನು ಜಾಸ್ತಿ ಅಂತ ಅವರವರ ವಾದ ಇದೆ. ಅದರ ತೀರ್ಪು ನಮಗೆ ಬೇಡ. ನಮಗೆ ಕಾಣೋದು ಇಷ್ಟೇ: ಹೆಸರು ಬಿಟ್ಟುಹೋಗುವಾಗ ಯಾವಾಗಲೂ ಒಂದೇ ಕೇರಿಯ ಹೆಸರು ಬಿಟ್ಟುಹೋಗುತ್ತೆ. ಅವತ್ತು ಪರ್ಲಾಂದು, ಇವತ್ತು ಅರಿವು.

ಹೆಸರು ಮಾತ್ರ ಅಲ್ಲ, ನೆಲವೂ ಹೋಗ್ತಿದೆ. ನದಿ ದಡದ, ಕಾಲುವೆ ದಡದ ಗುಡಿಸಲುಗಳನ್ನ ಎಬ್ಬಿಸಿ ಜನರನ್ನ ಊರಾಚೆ ಕಣ್ಣಗಿನಗರ, ಸೆಮ್ಮಂಜೇರಿ, ಪೆರುಂಬಾಕ್ಕಂ ಅಂತ ದೂರದ ಸಿಮೆಂಟ್ ಕಟ್ಟಡಗಳಿಗೆ ಹಾಕ್ತಾರೆ. ಗಾನಾ ಹುಟ್ಟೋದು ಹತ್ತು ಮನೆ ಒಂದೇ ಅಂಗಳದಲ್ಲಿ ಕೂತಾಗ. ಮಹಡಿ ಮನೆಯಲ್ಲಿ ಸತ್ತವನ ಮುಂದೆ ರಾತ್ರಿಯೆಲ್ಲ ಎಲ್ಲಿ ಕೂತು ಹಾಡ್ತೀರಿ?

ಈಗ ನಮ್ಮ ಜಗಳಕ್ಕೆ ಬರ್ತೀವಿ. ತಮಿಳಿನಲ್ಲಿ ಪರೈ ಅಂದರೆ ನಮ್ಮ ತಮಟೆಯ ಹಾಗಿನ ವಾದ್ಯ. ಪರೈ ಅಂದರೆ ಮಾತಾಡು, ಸಾರು ಅಂತಲೂ ಅರ್ಥ. ನಮ್ಮ ಹಳಗನ್ನಡದ ಪಱೆ, ಆಮೇಲಿನ ಹರೆ ಅದರ ಒಡಹುಟ್ಟು. ಆ ವಾದ್ಯದಿಂದಲೇ ಒಂದು ಜಾತಿಗೆ ಹೆಸರು ಬಂತು. ಆ ಹೆಸರನ್ನ ಇಂಗ್ಲಿಷರು ಒಯ್ದು, ಯಾರೂ ಮುಟ್ಟದವನು ಅನ್ನೋ ಅರ್ಥದ ಬೈಗುಳ ಮಾಡಿಕೊಂಡರು. ತಮಿಳುನಾಡಿನ ಊರುಗಳಲ್ಲಿ ನಮ್ಮವರು ಎಷ್ಟೋ ಕಡೆ ಮೇಲ್ಜಾತಿ ಹೆಣದ ಮುಂದೆ ಪರೈ ಬಾರಿಸೋದಿಲ್ಲ ಅಂತ ನಿಂತು ಏಟು ತಿಂದಿದ್ದಾರೆ. ಪರೈ ಸುಟ್ಟುಬಿಡಿ, ಅದು ಜೀತದ ಗುರುತು ಅಂದವರು ಉಂಟು. ಸುಡಬೇಡಿ, ನಮ್ಮ ಮೆರವಣಿಗೆಯ ಮುಂದೆ ಬಾರಿಸೋಣ ಅಂದವರೂ ಉಂಟು. ನಮ್ಮಲ್ಲೂ ಅಷ್ಟೇ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದ ಮೇಲೆ ಚಳವಳಿಯ ಹಾಡಿಗೂ ತಮಟೆಗೂ ನಂಟು ಬೆಳೀತು.

ರೈಲಿನಲ್ಲಿ ನಮ್ಮ ಗುಂಪು ಎರಡಾಯ್ತು. ಒಬ್ಬ ಅಂದ: ಈಗ ತಮಟೆಗೂ ಪದ್ಮಶ್ರೀ ಬಂದಿದೆ, 2023ರಲ್ಲಿ ನಮ್ಮ ಮುನಿವೆಂಕಟಪ್ಪನವರಿಗೆ ಬಂತು, 2025ರಲ್ಲಿ ಪರೈಗೆ ಮಧುರೆಯ ವೇಲು ಆಸಾನ್ ಅವರಿಗೆ ಬಂತು, ಇನ್ನೇನು ಅಳು? ಇನ್ನೊಬ್ಬ ಅಂದ: ಡೆಲ್ಲಿಯಲ್ಲಿ ಪದ್ಮಶ್ರೀ, ಊರಲ್ಲಿ ಹೆಣದ ಮುಂದೆ ಬಾ ಅಂತ ಕರೆ, ಬರೋದಿಲ್ಲ ಅಂದ್ರೆ ಬಹಿಷ್ಕಾರ. ತಮಟೆಯವನ ಮಗ, ಅಂದರೆ ಸಭಾದಲ್ಲಿ ನೆಟ್ಟಗೆ ಕೂತಿದ್ದವನು, ಬಹಳ ಹೊತ್ತು ಸುಮ್ಮನಿದ್ದ. ಜೋಲಾರಪೇಟೆ ದಾಟಿದ ಮೇಲೆ ಬಾಯಿ ಬಿಟ್ಟ. “ನಮ್ಮಪ್ಪಂಗೆ ಬಾರ್ಸಕ್ಕೆ ಇಷ್ಟ ಕಣ್ರೋ. ಕರೆಯೋರ್ ಕರೆಯೋ ರೀತಿ ಇಷ್ಟ ಇಲ್ಲ. ನೀವು ಎರಡನ್ನೂ ಒಂದೇ ಮಾಡ್ತಿದ್ದೀರಿ.”

ನಾವು ಈ ಲೇಖನ ಬರೆಯೋದಕ್ಕೆ ಕಾರಣ ಆ ಮಾತು. ಬಾರಿಸೋದು ಬಿಡಬೇಕೋ ಬೇಡವೋ ಅನ್ನೋದನ್ನ ಭಾಷಣಕಾರರು ತೀರ್ಮಾನ ಮಾಡೋದಲ್ಲ. ಬಾರಿಸುವವನು ಮಾಡಬೇಕು. ಒಲ್ಲೆ ಅನ್ನೋ ಹಕ್ಕು ಅವನಿಗೆ ಮೊದಲು ಬರಲಿ. ಆ ಹಕ್ಕು ಇಲ್ಲದೆ ಬಾರಿಸಿದ್ದು ಜೀತ, ಇದ್ದು ಬಾರಿಸಿದ್ದು ಸಂಗೀತ. ನಮ್ಮ ತಕರಾರು ಸಭಾಗಳ ಒಳಗೆ ನಮಗೂ ಒಂದು ಕುರ್ಚಿ ಕೊಡಿ ಅಂತ ಅಲ್ಲ. ಕುರ್ಚಿ ಅವತ್ತು ಸಿಕ್ಕಿತ್ತಲ್ಲ, ಕೊನೇ ಸಾಲಲ್ಲಿ. ಮೃದಂಗ ಮಾಡಿದವನ ಹೆಸರು ಕಚೇರಿಯ ಕರಪತ್ರದಲ್ಲಿ ಬರಬೇಕು, ತೊಗಲಿನ ಕೆಲಸಕ್ಕೆ ಸರಿಯಾದ ದುಡ್ಡು ಬರಬೇಕು, ಅವನ ಮಗಳು ಬೇಕಾದ್ರೆ ನುಡಿಸೋದಕ್ಕೂ ಕಲಿಯಬೇಕು, ಬೇಡವಾದ್ರೆ ಡಾಕ್ಟರು ಆಗಬೇಕು.

ಇಷ್ಟೆಲ್ಲ ಊರಿಗೆ ಹೇಳಿ ನಮ್ಮ ಮನೆಗೆ ಬಂದು ನೋಡಿದರೆ? ನಮ್ಮ ಸಂಘದ ಹಳೇ ಕರಪತ್ರಗಳನ್ನ ಟ್ರಂಕಿನಿಂದ ತೆಗೆದು ಹರಡಿಕೊಂಡು ಕೂತೆವು. ಭಾಷಣಕಾರರ ಹೆಸರು ದಪ್ಪ ಅಕ್ಷರದಲ್ಲಿ, ಡಿಗ್ರಿ ಸಮೇತ. ಅಧ್ಯಕ್ಷತೆ, ಸ್ವಾಗತ, ವಂದನಾರ್ಪಣೆ ಎಲ್ಲಕ್ಕೂ ಹೆಸರಿದೆ. ಕೆಳಗೆ ಒಂದು ಸಾಲು: ‘ತಮಟೆ ತಂಡದವರಿಂದ ಕ್ರಾಂತಿಗೀತೆ’. ಒಂದರಲ್ಲೂ ಒಬ್ಬರ ಹೆಸರಿಲ್ಲ. ಸಭೆ ಮುಗಿದ ಮೇಲೆ ಭಾಷಣಕಾರರಿಗೆ ಕಾರು, ತಮಟೆಯವರಿಗೆ ಚಿತ್ರಾನ್ನ. ನಮ್ಮದೂ ಸಭೆಯೇ, ಅವರದೂ ಸಭಾನೇ.

ಈ ಸಲ ನಮ್ಮ ಹಾಸ್ಟೆಲ್ ದಿನಕ್ಕೆ ಆರ್ಕೆಸ್ಟ್ರಾ ಬೇಡ ಅಂತ ಹದಿನೇಳು ಜನ ಸಹಿ ಹಾಕಿದ್ದೀವಿ. ಬೇಕು ಅಂತ ಮೂವತ್ತು ಜನ ಹಾಕಿದ್ದಾರೆ, ಅದನ್ನೂ ಹೇಳಬೇಕು. ಗೆಳೆಯನ ಅಪ್ಪನಿಗೆ ಫೋನು ಮಾಡಿ, ತಂಡದ ನಾಲ್ವರ ಹೆಸರು ಹೇಳಿ ಯಜಮಾನ್ರೇ, ಕರಪತ್ರಕ್ಕೆ ಹಾಕಬೇಕು, ಸಂಭಾವನೆ ಎಷ್ಟು ಅಂತಲೂ ನೀವೇ ಹೇಳಿ ಅಂದೆವು. ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, “ನನ್ನ ಮಗ ಓದೋ ಜಾಗ ಅಲ್ವೇನ್ರಪ್ಪಾ ಅದು? ಅವನ್ನ ಒಂದ್ ಮಾತು ಕೇಳಿ” ಅಂದರು. ಮಗ ಪಕ್ಕದಲ್ಲೇ ನಿಂತಿದ್ದ. ಫೋನು ಅವನ ಕೈಗೆ ಕೊಟ್ಟು ನಾವು ವರಾಂಡಕ್ಕೆ ಬಂದೆವು.